ಚಾಕೊಲೇಟ್ ಬಿಟ್ಟವಳಿಗೆ ಜೊತೆಯಾದವರು

ಜರ್ಮನಿಗೆ ಓದಲು ಹೊರಟವರಿಗೆ ಸೀನಿಯರ್‌ಗಳು ಕುಕ್ಕರ್ ತನ್ನಿ, ಸಾಂಬಾರ್ ಪುಡಿ ತನ್ನಿ ಎಂದು ಉದ್ದದ ಪಟ್ಟಿ ಕೊಡುತ್ತಾರೆ. ಧಾರವಾಡದವರಿಗೆ ಅದರಲ್ಲೊಂದು ಕಹಿ ಸುದ್ದಿಯೂ ಇರುತ್ತದೆ: ಪೇಡಾ ತರುವಂತಿಲ್ಲ. ಹೊರದೇಶದ ಹಾಲಿನ ಪದಾರ್ಥವನ್ನು ಬ್ಯಾಗಿನಲ್ಲಾಗಲಿ, ಪಾರ್ಸೆಲ್‌ನಲ್ಲಾಗಲಿ ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ.

ಊಟವಾದ ಮೇಲೆ ಬಾಯಿಗೊಂದು ಸಿಹಿ ಬೀಳದಿದ್ದರೆ ಊಟವೇ ಮುಗಿಯದ ಮನೆಯಲ್ಲಿ ಬೆಳೆದವಳು ನಾನು. ಸ್ಟುಟ್‌ಗಾರ್ಟ್‌ಗೆ ಬಂದು ತಿಂಗಳಾಗುವಷ್ಟರಲ್ಲಿ ಪೇಡಾ ಜಾಗದಲ್ಲಿ ಚಾಕೊಲೇಟ್ ಬಂದು ಕೂತಿತ್ತು. ಊರಾದರೂ ಎಂಥದ್ದು! ಚೌಕಾಕಾರದ ರಿಟ್ಟರ್ ಸ್ಪೋರ್ಟ್ ತಯಾರಾಗುವ ವಾಲ್ಡನ್‌ಬುಖ್ ಇಲ್ಲಿಗೆ ಹತ್ತಿರ. ಜಾಕೆಟ್ ಜೇಬಿನಲ್ಲಿ ಮುರಿಯದೆ ಕೂರಲಿ ಎಂದು 1932ರಲ್ಲಿ ಕ್ಲಾರಾ ರಿಟ್ಟರ್ ಎಂಬಾಕೆ ಅದಕ್ಕೆ ಆ ಆಕಾರ ಯೋಚಿಸಿದರಂತೆ. ನನ್ನ ಜೇಬಿನಲ್ಲಿ ಅದು ಉಳಿದರೆ ತಾನೆ ಮುರಿಯುವ ಮಾತು! ನಾಲ್ಕೂವರೆಗೇ ಕತ್ತಲಾಗುವ ಡಿಸೆಂಬರ್ ಸಂಜೆಗಳಲ್ಲಿ, ಮಾತಾಡಲು ಯಾರೂ ಇಲ್ಲದಾಗ, ಅದೇ ನನಗೆ ಜೊತೆ.

2025ರ ಫೆಬ್ರುವರಿ ಕೊನೆಗೆ ಮನೆಯಿಂದ ಫೋನು ಬಂತು. ಅಪ್ಪನಿಗೆ ಶುಗರ್. ಎರಡು-ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 9.2 ಇತ್ತು. ಮಾತ್ರೆ ತಗೊಳ್ಳಿ, ಸಿಹಿ ಬಿಡಿ, ದಿನಾ ನಡೆಯಿರಿ ಎಂದಿದ್ದರು ಡಾಕ್ಟರು. ಅಪ್ಪ ಮಾತ್ರೆಗೇನೋ ಒಪ್ಪಿದ್ದರು, ಪೇಡಾ ಬಿಡಲು ಮಾತ್ರ ತಯಾರಿರಲಿಲ್ಲ. ಇದೇ ಕಾಯಿಲೆಯಲ್ಲಿ ಅಜ್ಜನ ಕಾಲಿನ ಗಾಯ ಮಾಯದೆ ಬೆರಳು ತೆಗೆಸಿದ್ದು ನನಗಿನ್ನೂ ನೆನಪಿದೆ. ಫೋನಿನಲ್ಲೇ ಅತ್ತುಬಿಟ್ಟೆ.

‘ಅಷ್ಟು ದೂರ ಕುಂತು ನನಗ ಪಥ್ಯ ಹೇಳ್ತಿ. ಮೊದಲ ನೀ ಚಾಕೊಲೇಟ್ ಬಿಡು, ಆಮ್ಯಾಲ ನೋಡೋಣಂತ’ ಎಂದರು ಅಪ್ಪ.

‘ಬಿಟ್ಟೆ ಅಪ್ಪಾ, ಇವತ್ತಿಂದನ ಬಿಟ್ಟೆ’ ಎಂದೆ.

ಹೇಳುವುದೇನೋ ಸುಲಭ. ಮೂರನೇ ದಿನಕ್ಕೆ ತಲೆನೋವು, ಯಾರನ್ನು ಕಂಡರೂ ಸಿಡುಕು. ನಾನು ಪಾತ್ರೆ ಕುಕ್ಕಿದ ಸದ್ದಿಗೆ ಮನೆಯಲ್ಲಿದ್ದ ಇಬ್ಬರೂ ಕೋಣೆಯಿಂದ ಹೊರಬಂದರು. ನಮ್ಮದು ಮೂವರು ಹುಡುಗಿಯರು ಅಡುಗೆಮನೆ ಹಂಚಿಕೊಂಡಿರುವ ಮನೆ. ಒಬ್ಬಳು ಇಲ್ಲಿಯವಳೇ, ಇನ್ನೊಬ್ಬಳು ಟರ್ಕಿಯ ಇಜ್ಮಿರ್‌ನವಳು. ಐದು ತಿಂಗಳಾದರೂ ‘ಹಲೋ’ ಮತ್ತು ‘ಕಸ ಹಾಕುವ ಸರದಿ ಯಾರದ್ದು’ ಎಂಬುದರಾಚೆ ಮಾತು ಬೆಳೆದಿರಲಿಲ್ಲ. ಅವತ್ತು ಅಪ್ಪನ ವಿಷಯ ಎಲ್ಲ ಹೇಳಿಕೊಂಡೆ.

‘ಒಳ್ಳೇ ಸಮಯಕ್ಕೇ ಬಿಟ್ಟಿದ್ದೀಯ’ ಎಂದಳು ಜರ್ಮನ್ ಹುಡುಗಿ. ಮಾರ್ಚ್ 5ರ ‘ಬೂದಿ ಬುಧವಾರ’ದಿಂದ ಈಸ್ಟರ್‌ವರೆಗೆ ಇಲ್ಲಿ ಉಪವಾಸದ ಕಾಲ. ಚರ್ಚಿಗೆ ಹೋಗದ ಎಷ್ಟೋ ಜನ ಕೂಡ ಆ ದಿನಗಳಲ್ಲಿ ಚಾಕೊಲೇಟ್, ಬಿಯರ್, ಸಿಗರೇಟು, ಹೀಗೆ ಏನಾದರೊಂದನ್ನು ಬಿಡುತ್ತಾರೆ. ‘ನಿನ್ನ ಜೊತೆ ನಾನೂ ಚಾಕೊಲೇಟ್ ಬಿಡ್ತೀನಿ’ ಎಂದಳು. ಇಜ್ಮಿರ್‌ನವಳಿಗೆ ಮಾರ್ಚ್ 1ರಿಂದ ರಂಜಾನ್ ಶುರುವಾಗಿತ್ತು. ‘ರೋಜಾ ಬಿಡುವಾಗ ಖರ್ಜೂರ ಒಂದು ಬೇಕು. ಬೇರೆ ಸಿಹಿ ನಾನೂ ಮುಟ್ಟಲ್ಲ’ ಎಂದಳು.

ಅಂದಿನಿಂದ ನಮ್ಮ ಮನೆಯ ಊಟದ ಹೊತ್ತೇ ಬದಲಾಯಿತು. ಆರು ಗಂಟೆ ದಾಟಿ ಸೂರ್ಯ ಮುಳುಗುವುದನ್ನು ಕಾದು, ಮೂವರೂ ಒಟ್ಟಿಗೆ ಉಣ್ಣುತ್ತಿದ್ದೆವು. ಅವಳ ಬೇಳೆ ಸೂಪು, ನನ್ನ ಪುಂಡಿಪಲ್ಯೆಯಂತೆ ಮಾಡಿದ ಪಾಲಕ್, ಇವಳ ತರಕಾರಿ ತುಂಬಿದ ಮೌಲ್‌ಟಾಶನ್. ಇದು ನಮ್ಮ ಕಡುಬಿನ ಹತ್ತಿರದ ಸಂಬಂಧಿ. ಉಪವಾಸದಲ್ಲಿ ಮಾಂಸ ತಿನ್ನುವುದು ದೇವರಿಗೆ ಕಾಣಬಾರದೆಂದು ಹಿಂದೆ ಸನ್ಯಾಸಿಗಳು ಹಿಟ್ಟಿನೊಳಗೆ ಬಚ್ಚಿಟ್ಟು ಇದನ್ನು ಹುಟ್ಟುಹಾಕಿದರು ಎಂದು ಇಲ್ಲಿಯವರು ನಗುತ್ತಾ ಹೇಳುತ್ತಾರೆ. ಊಟ ಮುಗಿದ ಮೇಲೆ ಸಿಹಿ ಇಲ್ಲದ ಮೇಜಿನ ಫೋಟೊ ಅಪ್ಪನಿಗೆ ಹೋಗುತ್ತಿತ್ತು. ಬೆಳಿಗ್ಗೆ ಅಪ್ಪನಿಂದ ಕರ್ನಾಟಕ ಕಾಲೇಜು ಮೈದಾನದಲ್ಲಿ ನಡೆಯುತ್ತಿರುವ ಫೋಟೊ ಬರುತ್ತಿತ್ತು. ಮೂವರು ಹುಡುಗಿಯರ ಮುಂದೆ ಸೋಲಲು ಅವರಿಗೆ ಮನಸ್ಸಿರಲಿಲ್ಲ! ಕ್ರೈಸ್ತರ 40 ದಿನಗಳ ಲೆಕ್ಕದಲ್ಲಿ ಭಾನುವಾರ ಸೇರುವುದಿಲ್ಲವೆಂದು ಗೊತ್ತಾದಾಗ, ‘ಹಂಗಾರ ಭಾನುವಾರ ಪೇಡಾ ತಿನ್ನಬಹುದೇನು?’ ಎಂದು ಕೇಳಿದರು. ಆ ರಿಯಾಯಿತಿ ಧಾರವಾಡಕ್ಕೆ ಅನ್ವಯಿಸುವುದಿಲ್ಲ ಎಂದೆವು.

ಮಾರ್ಚ್ 30ರ ಭಾನುವಾರವಂತೂ ವಿಶೇಷ. ನನಗೆ ಯುಗಾದಿ, ಅವಳಿಗೆ ಈದ್. ಬೆಲ್ಲ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು, ಬೇವು ಎಲ್ಲಿಂದ ತರುವುದು? ಜರ್ಮನ್ ಗೆಳತಿ ಅಮ್ಮನ ತೋಟದಿಂದ ಡ್ಯಾಂಡಿಲಿಯನ್ ಗಿಡದ ಎಳೆ ಎಲೆ ಕಿತ್ತು ತಂದಳು. ಇಲ್ಲಿ ವಸಂತದಲ್ಲಿ ಅದರ ಸಲಾಡ್ ಮಾಡುತ್ತಾರೆ, ಹದವಾದ ಕಹಿ. ಫೋನಿನಲ್ಲಿ ಹೇಳಿದರೆ ಅಪ್ಪ, ‘ದಾಂಡೇಲಿ ಎಲಿ ಅಲ್ಲಿಗೂ ಬಂದೈತೇನು?’ ಎಂದರು. ಸಿಹಿ ಬಿಟ್ಟವರಿಗೆ ಬೆಲ್ಲ ಎಷ್ಟು ಎಂಬ ಚರ್ಚೆ ನಡೆದು, ಒಬ್ಬೊಬ್ಬರಿಗೆ ಕಡಲೆಕಾಳಿನಷ್ಟು ಎಂದು ತೀರ್ಮಾನವಾಯಿತು. ತನ್ನ ಹಬ್ಬದ ದಿನವೂ ಇಜ್ಮಿರ್‌ನವಳು ಬಕ್ಲಾವಾ ಡಬ್ಬಿಯನ್ನು ಮನೆಗೆ ತರಲಿಲ್ಲ. ಗೆಳೆಯರ ಮನೆಯಲ್ಲೂ ತಿನ್ನದೆ ಬಂದಿದ್ದಳು. ಅವಳ ರೋಜಾ ಮುಗಿದಿತ್ತು, ನನಗೆ ಕೊಟ್ಟ ಮಾತು ಮುಗಿದಿರಲಿಲ್ಲ.

ನನ್ನ ಅಪ್ಪನನ್ನು ಅವರಿಬ್ಬರೂ ಕಂಡವರಲ್ಲ. ಧಾರವಾಡ ಎಲ್ಲಿದೆ ಎಂದು ಮ್ಯಾಪಿನಲ್ಲಿ ಹುಡುಕಿದವರು. ಆದರೂ ದಿನಾ ಸಂಜೆ ಮೊದಲ ಪ್ರಶ್ನೆ, ‘ಅಪ್ಪ ಇವತ್ತು ನಡೆದರಾ?’ ಊರಿನಲ್ಲಿ ಗೆಳತಿಯರೆಂದರೆ ಕೂಡಿ ತಿನ್ನುವವರು. ಗಿರಮಿಟ್ಟು, ಮಿರ್ಚಿ, ಐಸ್‌ಕ್ರೀಮು ಎಲ್ಲದರಲ್ಲೂ ಪಾಲು. ನಮಗಾಗಿ ತಿನ್ನದೆ ಇರುವವರೂ ಸಿಗುತ್ತಾರೆ ಎಂದು ನನಗೆ ಗೊತ್ತಾಗಿದ್ದು ಇಲ್ಲಿ.

ಏಪ್ರಿಲ್ 20ಕ್ಕೆ ಈಸ್ಟರ್ ಬಂತು. ಗೆಳತಿಯರಿಬ್ಬರೂ ಚಾಕೊಲೇಟ್ ತಿಂದರು, ನಾನೇ ಒತ್ತಾಯ ಮಾಡಿ ತಿನ್ನಿಸಿದೆ. ನನ್ನ ಗಡುವು ಅಪ್ಪನ ಮುಂದಿನ ರಿಪೋರ್ಟ್‌ವರೆಗೆ ಇತ್ತು. ಮೇ ಕೊನೆಯಲ್ಲಿ ಅದು ಬಂತು: 7.3. ಮಾತ್ರೆ, ನಡಿಗೆ, ಪಥ್ಯ ಮೂರೂ ಸೇರಿ ಆದ ಕೆಲಸ. ಇನ್ನೂ ಇಳಿಯಬೇಕು ಎಂದಿದ್ದಾರೆ ಡಾಕ್ಟರು.

‘ಆ ಹುಡುಗ್ಯಾರಿಗೆ ಒಂದು ಕಿಲೋ ಪೇಡಾ ಕಳಸ್ತೀನಿ’ ಎಂದು ಹಟ ಹಿಡಿದ ಅಪ್ಪನಿಗೆ ಕಸ್ಟಮ್ಸ್ ನಿಯಮ ತಿಳಿಸಬೇಕಾಯಿತು. ಬದಲಿಗೆ ಅವ್ವ ಕುಟ್ಟಿದ ಶೇಂಗಾ ಚಟ್ನಿಪುಡಿ ಬಂತು, ಡಬ್ಬಿ ಮೂರು. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರನ್ನು ಅಪ್ಪನೇ ಇಂಗ್ಲಿಷಿನಲ್ಲಿ, ಸ್ಪೆಲಿಂಗ್ ಕೇಳಿಕೊಂಡು ಬರೆದಿದ್ದರು. ಜರ್ಮನ್ ಗೆಳತಿ ಅದನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುತ್ತಾಳೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಡಬ್ಬಿ ಮಾತ್ರ ಬಿಡುವುದಿಲ್ಲ.