ಹೆದರ್ ಗಿಡ

ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಮರಗಳು ವಿರಳ. ಗಾಳಿ ಬಿರುಸಾದುದು, ಸುರಿಯುವ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದೊಯ್ದು ಅದನ್ನು ಹುಳಿಯಾಗಿಸಿದೆ. ಬೇಸಾಯಗಾರನು ಕೈಬಿಟ್ಟ ಇಂಥ ನೆಲವು ಆಗಸ್ಟ್ ತಿಂಗಳು ಬಂದಿತೆಂದರೆ ಮೈಲಿಗಟ್ಟಲೆ ನಸುನೇರಿಳೆ ಬಣ್ಣವನ್ನು ತಳೆಯುತ್ತದೆ. ಸಾಮಾನ್ಯವಾಗಿ ಮೊಣಕಾಲೆತ್ತರವನ್ನು ಮೀರದ ಒಂದು ನಿತ್ಯಹಸುರಿನ ಪೊದೆ ಈ ಶೋಭೆಗೆ ಕಾರಣ. ಅದರ ಹೆಸರು ಹೆದರ್. ಹೆಸರು ಕನ್ನಡದ ಕಿವಿಗೆ ಹೇಗೇ ಕೇಳಿಸಲಿ, ಚಳಿಗಾಗಲಿ ಗಾಳಿಗಾಗಲಿ ಬಡನೆಲಕ್ಕಾಗಲಿ ಹೆದರುವ ಗಿಡ ಇದಲ್ಲ. ಇದು ಹೆದರುವುದು ಸುಣ್ಣಕ್ಕೆ.

1753ರಲ್ಲಿ ಲಿನ್ನೇಯಸ್ ಈ ಸಸ್ಯವನ್ನು ಎರಿಕ ಎಂಬ ಕುಲದಲ್ಲಿ ಸೇರಿಸಿದನು. 1802ರಲ್ಲಿ ಸ್ಯಾಲಿಸ್‌ಬರಿ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞನು ಇದನ್ನು ಬೇರ್ಪಡಿಸಿ ಕ್ಯಾಲುನ ಎಂದು ಕರೆದನು. ಗುಡಿಸಿ ಚೊಕ್ಕಟಗೊಳಿಸು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು. ಇದರ ಕಡ್ಡಿಗಳನ್ನು ಕಟ್ಟಿ ಹಳ್ಳಿಗರು ಪೊರಕೆ ಮಾಡುತ್ತಿದ್ದರು. ನಮ್ಮ ನೆರೆಯ ನೀಲಗಿರಿಯ ಎತ್ತರಗಳಲ್ಲಿ ಕೆಂಪು ಹೂ ಬಿಡುವ ರೋಡೋಡೆಂಡ್ರಾನ್ ಮರವೂ ಇದೇ ಕುಟುಂಬದ್ದೆಂದರೆ ನೋಡಿದವರಿಗೆ ನಂಬಿಕೆ ಬಾರದು.

ಹೆದರನ್ನು ಅದರ ಹತ್ತಿರದ ನಂಟರಿಂದ ಬೇರ್ಪಡಿಸಿ ಗುರುತಿಸಲು ಹೂವಿನ ಬಣ್ಣವನ್ನು ನಂಬಬಾರದು, ಎಲೆಯನ್ನು ನೋಡಬೇಕು. ಹೆದರಿನ ಎಲೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಉದ್ದವಿರುವುದಿಲ್ಲ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟಿ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒರಗಿ, ಕಡ್ಡಿಯುದ್ದಕ್ಕೂ ನಾಲ್ಕು ಸಾಲುಗಳಾಗುತ್ತವೆ. ಎರಿಕದ ಎಲೆಗಳಾದರೋ ಸೂಜಿಯಂತಿದ್ದು, ಒಂದೊಂದು ಗಿಣ್ಣಿನಲ್ಲಿ ಮೂರೋ ನಾಲ್ಕೋ ಸುತ್ತುಗಟ್ಟಿ ನಿಲ್ಲುತ್ತವೆ. ಒಣನೆಲದ ಗಂಟೆಹೂವಿನ ಎರಿಕಕ್ಕೆ ಸುತ್ತಿಗೆ ಮೂರು ಎಲೆ. ಜೌಗಿನಲ್ಲಿ ಬೆಳೆಯುವ ಇನ್ನೊಂದಕ್ಕೆ ನಾಲ್ಕು. ಹೂವಿನಲ್ಲಿಯೂ ಒಂದು ಸೋಜಿಗವುಂಟು. ಹೆದರಿನಲ್ಲಿ ದಳಗಳೆಂದು ಕಣ್ಣಿಗೆ ತೋರುವವು ವಾಸ್ತವವಾಗಿ ಬಣ್ಣ ತಳೆದ ಪುಷ್ಪಪತ್ರಗಳು. ನಿಜವಾದ ದಳಗಳು ಅವುಗಳಿಗಿಂತ ಚಿಕ್ಕವಾಗಿ ಒಳಗೆ ಅಡಗಿರುತ್ತವೆ. ಎರಿಕದಲ್ಲಿ ದಳಗಳೇ ಕೂಡಿ ಪುಟ್ಟ ಹೂಜಿಯಾಗುತ್ತವೆ.

ತೋಟಗಾರನಿಗೆ ಈ ಭೇದ ಅತ್ಯಗತ್ಯ. ಆಲ್ಪ್ಸ್ ಪರ್ವತದ, ಚಳಿಗಾಲದಲ್ಲಿ ಹೂ ಬಿಡುವ ಎರಿಕವು ಸುಣ್ಣದ ಅಂಶವನ್ನು ತಕ್ಕಮಟ್ಟಿಗೆ ಸಹಿಸುತ್ತದೆ. ಅದೇ ಮಡಿಯಲ್ಲಿ ಹೆದರನ್ನು ನೆಟ್ಟರೆ, ಬೇರು ಕಬ್ಬಿಣದ ಅಂಶವನ್ನು ಹೀರಲಾರದೆ ಎಲೆ ಹಳದಿಗೆ ತಿರುಗಿ ಗಿಡ ಸೊರಗುತ್ತದೆ. ಇದರ ಬೇರು ಕೂದಲಿಗಿಂತ ನವುರು. ಬೇರಿನ ಕೋಶಗಳಲ್ಲಿ ಒಂದು ಶಿಲೀಂಧ್ರ ವಾಸವಾಗಿದ್ದು, ಕೊಳೆತ ಸಸ್ಯಾಂಶದಿಂದ ಸಾರಜನಕವನ್ನು ಗಿಡಕ್ಕೆ ಒದಗಿಸಿ ಪ್ರತಿಯಾಗಿ ಸಕ್ಕರೆಯನ್ನು ಪಡೆಯುತ್ತದೆ. ಆದ್ದರಿಂದ ಹೆಚ್ಚು ಗೊಬ್ಬರ ಹಾಕುವುದು ಉಪಕಾರವಲ್ಲ. ಪಿ.ಎಚ್. 4.5ರಿಂದ 5.5ರವರೆಗಿನ ಹುಳಿಮಣ್ಣು, ನೀರು ನಿಲ್ಲದ ಜಾಗ, ತುಂಬ ಬಿಸಿಲು ಬೇಕು. ಗಡಸು ನೀರಿಗಿಂತ ಮಳೆನೀರು ಲೇಸು. ಹಿಂದೆ ಪೀಟ್ ಮಣ್ಣನ್ನು ಧಾರಾಳವಾಗಿ ಬಳಸುತ್ತಿದ್ದರು. ಅದು ಜೌಗಿನಲ್ಲಿ ಸಾವಿರಾರು ವರ್ಷಗಳಲ್ಲಿ ಕೂಡಿದ ವಸ್ತುವಾದ್ದರಿಂದ, ಈಗ ಕೊಳೆಸಿದ ಪೈನ್ ತೊಗಟೆಯನ್ನು ಬಳಸುವವರು ಹೆಚ್ಚುತ್ತಿದ್ದಾರೆ.

ವರ್ಷಕ್ಕೊಮ್ಮೆ ಹೂ ಬಾಡಿದ ಕುಡಿಗಳನ್ನು ಕತ್ತರಿಸಬೇಕು. ಕತ್ತರಿ ಎಲೆಯಿಲ್ಲದ ಹಳೆಯ ಕಟ್ಟಿಗೆಗೆ ಇಳಿದರೆ ಅಲ್ಲಿ ಮತ್ತೆ ಚಿಗುರುವುದು ಕಷ್ಟ. ಹೊಸ ಗಿಡ ಬೇಕಾದಲ್ಲಿ ಕೆಳಗಿನ ಕೊಂಬೆಯನ್ನು ಬಾಗಿಸಿ ಮಣ್ಣು ಮುಚ್ಚಿದರಾಯಿತು. ಬೇರೊಡೆದ ಮೇಲೆ ತಾಯಿಗಿಡದಿಂದ ಬಿಡಿಸಬಹುದು.

ಹೆದರ್ ಹೂವಿನ ಜೇನು ಲೋಳೆಯಂತೆ ಗಟ್ಟಿ. ಕದಡಿದರೆ ತೆಳುವಾಗಿ ಬಿಟ್ಟರೆ ಮತ್ತೆ ಹೆಪ್ಪುಗಟ್ಟುವ ಇದನ್ನು ತಟ್ಟಿಯಿಂದ ಹಿಂಡಿಯೇ ತೆಗೆಯಬೇಕಾಗುತ್ತದೆ. ಸ್ಕಾಟ್ಲೆಂಡಿನ ಗ್ರೌಸ್ ಹಕ್ಕಿಗೆ ಇದರ ಎಳೆಗುಡಿಯೇ ಮುಖ್ಯ ಆಹಾರ.

ಈ ಹಕ್ಕಿಯ ಬೇಟೆಯ ಆಸೆಯೇ ನ್ಯೂಜಿಲೆಂಡಿಗೆ ಮುಳುವಾಯಿತು. ಟೊಂಗರಿರೊ ರಾಷ್ಟ್ರೀಯ ಉದ್ಯಾನದ ಮೇಲ್ವಿಚಾರಕನಾಗಿದ್ದ ಜಾನ್ ಕಲೆನ್ 1912ರಿಂದ ಮೊದಲ್ಗೊಂಡು ಅಲ್ಲಿ ಹೆದರನ್ನು ಬೆಳೆಸಿದನು. ತಂದು ಬಿಟ್ಟ ಗ್ರೌಸ್ ಹಕ್ಕಿಗಳು ನೆಲೆಯೂರಲಿಲ್ಲ, ಗಿಡ ನೆಲೆಯೂರಿತು. ಸಣ್ಣ ಬೀಜಗಳನ್ನು ಅಸಂಖ್ಯವಾಗಿ ಉದುರಿಸುತ್ತ, ಅಲ್ಲಿನ ಸ್ವದೇಶಿ ಹುಲ್ಲನ್ನು ಹಿಂದಕ್ಕೆ ತಳ್ಳಿ ಹಬ್ಬಿತು. ಕೊನೆಗೆ ಹೆದರಿನ ಎಲೆಯನ್ನೇ ತಿಂದು ಬದುಕುವ ಜೀರುಂಡೆಯನ್ನು ಬ್ರಿಟನ್ನಿನಿಂದ ತರಿಸಿ 1996ರಲ್ಲಿ ಅಲ್ಲಿ ಬಿಡಲಾಯಿತು. ಹೊಸ ನಾಡಿನ ಚಳಿಗೆ ಒಗ್ಗಲು ಅದು ಬಹುಕಾಲ ತೆಗೆದುಕೊಂಡಿತು. ಅದು ಒಗ್ಗಿಕೊಂಡ ಕಡೆಗಳಲ್ಲಿ ನೇರಿಳೆ ಬಣ್ಣದ ಇಳಿಜಾರುಗಳು ಕಂದಿದವು.