ಸಂಶೋಧನಾ ಸಹಯೋಗ ಮತ್ತು ನಮ್ಮ ಹತ್ತಿ ವಹಿವಾಟು

ಉದ್ಯಮ, ವಿಜ್ಞಾನ ಮತ್ತು ಸರ್ಕಾರ ಕೂಡಿ ನಡೆಸುವ ಸಂಶೋಧನೆಯು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಸೇರಿದ್ದೆಂಬ ಭಾವನೆ ರೋಣ, ನರಗುಂದ, ಗಜೇಂದ್ರಗಡದ ವರ್ತಕ ಬಾಂಧವರಲ್ಲಿದೆ. ಆದರೆ ಅದರ ಫಲವನ್ನೂ ಕಹಿಯನ್ನೂ ನಮ್ಮ ಎರೆಭೂಮಿ ಅರ್ಧ ಶತಮಾನದ ಹಿಂದೆಯೇ ಉಂಡಿದೆ.

ಧಾರವಾಡದ ಹತ್ತಿ ವಿಜ್ಞಾನಿಗಳು 1972ರಲ್ಲಿ ಎರಡು ಭಿನ್ನ ಹತ್ತಿ ಜಾತಿಗಳನ್ನು ಸಂಕರಗೊಳಿಸಿ 'ವರಲಕ್ಷ್ಮೀ' ತಳಿಯನ್ನು ನೀಡಿದರು. ಎಳೆ ಉದ್ದ, ನೂಲು ನಯ. ಆದರೆ ಇದರ ಬೀಜವನ್ನು ಪ್ರತಿವರ್ಷ ಹೊಸದಾಗಿ ತಯಾರಿಸಬೇಕು. ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಬೆಳಿಗ್ಗೆ ಪರಾಗ ಹಚ್ಚಬೇಕು. ಈ ಕೆಲಸವು ಪ್ರಯೋಗಾಲಯವೊಂದರಿಂದಲೇ ಆಗತಕ್ಕದ್ದಲ್ಲ. ಬೀಜೋತ್ಪಾದಕ ಸಂಸ್ಥೆಗಳು ಮತ್ತು ರೈತರು ಕೈಜೋಡಿಸಿದರು, ಸರ್ಕಾರ ಮಲಪ್ರಭೆಯ ನೀರು ಹರಿಸಿತು. 1981ರಲ್ಲಿ ಡಿಸಿಎಚ್-32 ತಳಿಯೂ ಬಂದಿತು.

ಈ ಕೂಟದಲ್ಲಿ ಹೊರಗುಳಿದವರು ಖರೀದಿದಾರರು. ಬೆಳೆ ಹೆಚ್ಚಿದಾಗ ಅದನ್ನು ಯಾವ ಗಿರಣಿ, ಯಾವ ದರಕ್ಕೆ ಕೊಳ್ಳುವುದೆಂಬ ವಿಚಾರವನ್ನು ಯಾರೂ ಮೊದಲೇ ಇತ್ಯರ್ಥಪಡಿಸಲಿಲ್ಲ. 1980ರ ಜುಲೈನಲ್ಲಿ ನರಗುಂದದಲ್ಲಿ ಸಿಡಿದ ರೈತ ಬಂಡಾಯಕ್ಕೆ ನೀರಾವರಿಯ ಅಭಿವೃದ್ಧಿ ಕರದೊಡನೆ ಹತ್ತಿಯ ಬೆಲೆ ಕುಸಿತವೂ ಕಾರಣವಾಗಿತ್ತೆಂಬುದನ್ನು ನಾವು ಮರೆಯಲಾಗದು.

ಮತ್ತೊಂದು ಪ್ರಸಂಗವೂ ಉಂಟು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯಗಳ ಸಹಯೋಗದ 'ಬಿಕಾನೇರಿ ನರ್ಮಾ ಬಿಟಿ' ಬೀಜ 2009ರಲ್ಲಿ ಮಾರುಕಟ್ಟೆಗೆ ಬಂದಿತು. ಖಾಸಗಿ ಕಂಪನಿಯ ವಂಶವಾಹಿ ಅದರಲ್ಲಿ ಬೆರೆತಿರುವುದು ಕಂಡುಬಂದು ಮಾರಾಟ ನಿಂತಿತು. ಯಾವುದು ಯಾರ ಸ್ವತ್ತೆಂಬ ದಾಖಲೆಯ ಮಹತ್ವ ಲೆಕ್ಕಪರಿಶೋಧಕರಿಗಷ್ಟೇ ಸಂಬಂಧಿಸಿದ್ದಲ್ಲ!

ಜಿನ್ನಿಂಗ್ ಕಾರ್ಖಾನೆಗಳ ಮಾಲೀಕರು ಒಬ್ಬೊಬ್ಬರಾಗಿ ವಿಶ್ವವಿದ್ಯಾಲಯದ ಬಾಗಿಲು ತಟ್ಟುವುದಕ್ಕಿಂತ ಹತ್ತು ಜನ ಕೂಡಿ, ಅರಳೆಯಲ್ಲಿನ ಕಸ ಅಥವಾ ತೇವಾಂಶದಂತಹ ಒಂದೇ ಸಮಸ್ಯೆಯನ್ನು ಮುಂದಿಡುವುದು ಲೇಸು. ಜಿನ್ನಿಂಗ್ ತರಬೇತಿಗೆ ನಾಗಪುರದಲ್ಲಿ ಸಿರ್ಕಾಟ್ ಸಂಸ್ಥೆಯ ಕೇಂದ್ರವಿದೆ.

ತೆರಿಗೆ ಉಳಿಯುವುದೆಂದು ಮಾತ್ರ ಇದಕ್ಕೆ ಕೈಹಾಕಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 35(2ಎಎ) ಅನ್ವಯ ಅನುಮೋದಿತ ಸಂಶೋಧನೆಗಾಗಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣಕ್ಕೆ ಒಂದು ಕಾಲದಲ್ಲಿ ಶೇ. 200ರಷ್ಟು ಕಡಿತವಿತ್ತು, 2017ರ ಏಪ್ರಿಲ್‌ನಿಂದ ಅದು ಶೇ. 150ಕ್ಕೂ, 2020ರ ಏಪ್ರಿಲ್‌ನಿಂದ ಶೇ. 100ಕ್ಕೂ ಇಳಿಯಿತು. ಲಾಭ ಬರಬೇಕಾದುದು ಅರಳೆಯ ದರದಲ್ಲಿ. ಆದ್ದರಿಂದ ಹಣ ಪಾವತಿಸುವ ಮುನ್ನವೇ ಖರ್ಚಿನ ಪಾಲು, ಫಲಿತಾಂಶದ ಒಡೆತನ, ನಡುವೆ ಬಿಟ್ಟುಹೋಗುವ ಸದಸ್ಯನ ಹಕ್ಕು, ಈ ಮೂರನ್ನು ಒಡಂಬಡಿಕೆಯಲ್ಲಿ ಬರೆಯಿಸಿ ಎಲ್ಲರ ಸಹಿ ಪಡೆಯತಕ್ಕದ್ದು.