ಎರಡು ವರ್ಷದ ಪದವಿ: ಗಳಿಕೆ ಎಷ್ಟು, ಸಾಲ ಎಷ್ಟು?

ಅಮೆರಿಕದ ಕಮ್ಯುನಿಟಿ ಕಾಲೇಜಿನ ಒಂದು ಕೋಣೆಯಲ್ಲಿ ನರ್ಸಿಂಗ್ ಪಾಠ ನಡೆಯುತ್ತಿರುತ್ತದೆ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮುಗಿಸಿ ಲೈಸೆನ್ಸ್ ಪರೀಕ್ಷೆ ಪಾಸಾದರೆ ರಿಜಿಸ್ಟರ್ಡ್ ನರ್ಸ್ ಆಗಬಹುದು. 2023ರಲ್ಲಿ ಆ ದೇಶದ ನರ್ಸ್‌ಗಳಲ್ಲಿ ಅರ್ಧದಷ್ಟು ಮಂದಿ ವರ್ಷಕ್ಕೆ 86,070 ಡಾಲರ್‌ಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಲಿಬರಲ್ ಆರ್ಟ್ಸ್ ವಿದ್ಯಾರ್ಥಿಗಳು: ಇತಿಹಾಸ, ಮನಶ್ಶಾಸ್ತ್ರ, ಪ್ರಬಂಧ ರಚನೆ, ಒಂದಿಷ್ಟು ಗಣಿತ, ಒಂದಿಷ್ಟು ಜೀವವಿಜ್ಞಾನ. ಇದೂ ಎರಡು ವರ್ಷದ ಓದೇ. ಆದರೆ ಈ ಪದವಿಪತ್ರಕ್ಕೆಂದೇ ಕಾದಿರುವ ಕೆಲಸ ಎಲ್ಲೂ ಇಲ್ಲ. ಆದರೂ ಅಮೆರಿಕದಲ್ಲಿ ಅತಿ ಹೆಚ್ಚು ಮಂದಿ ಪಡೆಯುವ ಅಸೋಸಿಯೇಟ್ ಪದವಿ ಇದೇ. ಬಿ.ಎ. ಸೇರುವ ಮಕ್ಕಳನ್ನು ನಮ್ಮ ಮನೆಗಳಲ್ಲಿ ಕೇಳುವ "ಮುಂದೇನು?" ಎಂಬ ಪ್ರಶ್ನೆ ಅಲ್ಲಿನ ಮನೆಗಳಲ್ಲೂ ಕೇಳಿಬರುತ್ತದೆ. ಅಲ್ಲಿ ಅದಕ್ಕೆ ಸಾಲದ ಲೆಕ್ಕವೂ ಸೇರಿಕೊಳ್ಳುತ್ತದೆ.

ಈ ಕಾಲೇಜುಗಳು ಹುಟ್ಟಿದ್ದು ದುಡ್ಡಿಲ್ಲದವರಿಗೂ ಓದು ಸಿಗಲಿ ಎಂದು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಇಂಥ ಕಾಲೇಜು ಇಂದಿಗೂ ನಡೆಯುತ್ತಿದೆ. 2024-25ರಲ್ಲಿ ಸ್ಥಳೀಯ ವಿದ್ಯಾರ್ಥಿಗೆ ಕಮ್ಯುನಿಟಿ ಕಾಲೇಜುಗಳ ಸರಾಸರಿ ವಾರ್ಷಿಕ ಫೀಸು 4,050 ಡಾಲರ್. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ತನ್ನದೇ ರಾಜ್ಯದ ವಿದ್ಯಾರ್ಥಿಗೆ ಅದು 11,610. ಕ್ಯಾಲಿಫೋರ್ನಿಯಾದಲ್ಲಂತೂ ಯೂನಿಟ್‌ಗೆ (ಪಾಠವನ್ನು ಅಳೆಯುವ ಕ್ರೆಡಿಟ್‌ಗೆ) 46 ಡಾಲರ್, ಅಂದರೆ 60 ಯೂನಿಟ್‌ಗಳ ಇಡೀ ಪದವಿಗೆ 2,760 ಡಾಲರ್. ಬಡ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ ವರ್ಷಕ್ಕೆ 7,395 ಡಾಲರ್‌ವರೆಗೆ ಸಿಗುತ್ತದೆ, ಅದನ್ನು ಹಿಂದಿರುಗಿಸಬೇಕಿಲ್ಲ.

ಹಾಗಿದ್ದರೆ ಸಾಲ ಏಕೆ? ಫೀಸು ಕಟ್ಟಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಮನೆ ಬಾಡಿಗೆ, ಕಾರಿನ ಪೆಟ್ರೋಲು, ಪುಸ್ತಕ, ಮಗುವಿದ್ದರೆ ಅದನ್ನು ನೋಡಿಕೊಳ್ಳುವವರಿಗೆ ಕೊಡುವ ಹಣ ಎಲ್ಲವೂ ಇದೆ. ತರಗತಿಗೆಂದು ಬಿಟ್ಟುಕೊಟ್ಟ ಕೆಲಸದ ಗಂಟೆಗಳ ಕೂಲಿ ಬೇರೆ. ನಿಜವಾದ ಖರ್ಚು ಇಲ್ಲಿದೆ, ಕಾಲೇಜಿನ ರಸೀದಿಯಲ್ಲಿ ಅದು ಕಾಣುವುದಿಲ್ಲ.

ಸಾಲದ ಲೆಕ್ಕವನ್ನೇ ಹಾಕಿ ನೋಡೋಣ. ತಂದೆ-ತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಕೇಂದ್ರ ಸರ್ಕಾರ ಮೊದಲ ವರ್ಷ 5,500, ಎರಡನೇ ವರ್ಷ 6,500 ಡಾಲರ್‌ವರೆಗೆ ಸಾಲ ಕೊಡುತ್ತದೆ. ಪೂರ್ತಿ 12,000 ತೆಗೆದುಕೊಂಡರೆ, 2024-25ರಲ್ಲಿದ್ದ ಶೇ 6.53ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 136 ಡಾಲರ್. ಗಳಿಕೆ ಎಷ್ಟು? ಪೂರ್ಣಾವಧಿ ದುಡಿಯುವವರ ವಾರದ ಮಧ್ಯಾಂಕ ಸಂಬಳ 2023ರಲ್ಲಿ ಹೈಸ್ಕೂಲು ಮುಗಿಸಿದವರಿಗೆ 899, ಅಸೋಸಿಯೇಟ್ ಪದವಿ ಇದ್ದವರಿಗೆ 1,058, ನಾಲ್ಕು ವರ್ಷದ ಪದವಿ ಇದ್ದವರಿಗೆ 1,493 ಡಾಲರ್. ಅಸೋಸಿಯೇಟ್ ಪದವಿಗೆ ಹೈಸ್ಕೂಲಿಗಿಂತ ವಾರಕ್ಕೆ 159 ಡಾಲರ್ ಹೆಚ್ಚು. ಒಂದು ವಾರದ ಹೆಚ್ಚುವರಿಯಲ್ಲೇ ತಿಂಗಳ ಕಂತು ತೀರುತ್ತದೆ. ಕಾಗದದ ಮೇಲೆ ಒಳ್ಳೆಯ ವ್ಯವಹಾರವೇ. ಆದರೆ ಆ 1,058ರೊಳಗೆ ನರ್ಸ್‌ಗಳೂ ತಂತ್ರಜ್ಞರೂ ಸೇರಿದ್ದಾರೆ ಎಂಬುದನ್ನು ಮರೆಯಬಾರದು.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ದೊಡ್ಡ ಸಾಲವಲ್ಲ, ಸಣ್ಣ ಸಾಲ. ಐದು ಸಾವಿರ ಡಾಲರ್‌ಗಿಂತ ಕಡಿಮೆ ಸಾಲ ಮಾಡಿದವರೇ ಅತಿ ಹೆಚ್ಚು ಪ್ರಮಾಣದಲ್ಲಿ ಸುಸ್ತಿದಾರರಾಗುತ್ತಾರೆ ಎಂದು ಅಲ್ಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕಾರಣ ಕೇಳಿದರೆ ಸಂಕಟವಾಗುತ್ತದೆ: ಒಂದೆರಡು ಸೆಮಿಸ್ಟರ್ ಓದಿ, ಮನೆಯಲ್ಲಿ ಏನೋ ಕಷ್ಟ ಬಂದು, ಅರ್ಧಕ್ಕೇ ಬಿಟ್ಟವರು ಅವರಲ್ಲಿ ಬಹಳ ಮಂದಿ. ಸಾಲ ಉಳಿಯಿತು, ಪದವಿ ಬರಲಿಲ್ಲ, ಸಂಬಳ ಏರಲಿಲ್ಲ. 270 ದಿನ ಕಂತು ತಪ್ಪಿದರೆ ಸುಸ್ತಿ ಸಾಲ. ಆಮೇಲೆ ಸರ್ಕಾರ ನೇರವಾಗಿ ಸಂಬಳದಲ್ಲೇ ಹಿಡಿದುಕೊಳ್ಳಬಹುದು. ದಿವಾಳಿ ಅರ್ಜಿ ಹಾಕಿದರೂ ಈ ಸಾಲದಿಂದ ಬಿಡುಗಡೆ ಸುಲಭವಲ್ಲ.

ಲಿಬರಲ್ ಆರ್ಟ್ಸ್ ಪದವಿಯನ್ನು ಅಳೆಯುವಾಗ ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಬಹುಮಟ್ಟಿಗೆ ಇದು ಎರಡು ವರ್ಷ ಇಲ್ಲಿ ಅಗ್ಗದಲ್ಲಿ ಓದಿ, ಉಳಿದೆರಡು ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವವರಿಗಾಗಿ ಹೆಣೆದ ಓದು. ಇದರ ಬೆಲೆ ಇರುವುದು ನಾಲ್ಕು ವರ್ಷದ ಪದವಿಯ ಆ 1,493 ಡಾಲರ್‌ನಲ್ಲಿ. ಕಮ್ಯುನಿಟಿ ಕಾಲೇಜು ಸೇರುವ ಹತ್ತರಲ್ಲಿ ಸುಮಾರು ಎಂಟು ಮಂದಿಯ ಆಸೆ ನಾಲ್ಕು ವರ್ಷದ ಪದವಿಯೇ. ಆದರೆ ಹಾಗೆ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗುವವರು ಸುಮಾರು ಮೂರರಲ್ಲಿ ಒಬ್ಬರು. ಆರು ವರ್ಷದೊಳಗೆ ಆ ನಾಲ್ಕು ವರ್ಷದ ಪದವಿ ಮುಗಿಸುವವರು ನೂರಕ್ಕೆ ಸುಮಾರು ಹದಿನಾರು.

ಇದನ್ನು ಮಕ್ಕಳ ಸೋಮಾರಿತನ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಅಂದಾಜು ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡರು ಎಂದು ಅಲ್ಲಿನ ಸಂಸತ್ತಿಗೆ ವರದಿ ಮಾಡುವ ಲೆಕ್ಕಪರಿಶೋಧನಾ ಕಚೇರಿಯೇ 2017ರಲ್ಲಿ ಹೇಳಿತು. ಪಾಸಾದ ವಿಷಯವನ್ನು ಇನ್ನೊಂದು ಕಾಲೇಜು ಒಪ್ಪುವುದಿಲ್ಲ, ಮತ್ತೆ ಓದು, ಮತ್ತೆ ಫೀಸು. ಬೆಳಿಗ್ಗೆ ಅಂಗಡಿಯಲ್ಲಿ ನಿಂತು ಸಂಜೆ ಪಾಠಕ್ಕೆ ಬರುವ ಹುಡುಗಿಗೆ ಆ ಕಳೆದುಹೋದ ಕ್ರೆಡಿಟ್ ಎಂದರೆ ಅವಳ ಬದುಕಿನ ಒಂದು ವರ್ಷ.

ಈಗ ಗಳಿಕೆಯ ಲೆಕ್ಕಕ್ಕೆ ಕಾನೂನಿನ ಬಲವೂ ಬಂದಿದೆ. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯ ಪ್ರಕಾರ, ಒಂದು ಪದವಿ ಮುಗಿಸಿ ನಾಲ್ಕು ವರ್ಷವಾದವರ ಮಧ್ಯಾಂಕ ಗಳಿಕೆ ಹೈಸ್ಕೂಲು ಮಾತ್ರ ಓದಿದ 25ರಿಂದ 34 ವಯಸ್ಸಿನವರ ಗಳಿಕೆಗಿಂತ ಕಡಿಮೆಯಿದ್ದು, ಮೂರು ವರ್ಷಗಳಲ್ಲಿ ಎರಡು ಬಾರಿ ಹಾಗಾದರೆ, ಆ ಕೋರ್ಸಿಗೆ ಕೇಂದ್ರದ ಸಾಲ ನಿಲ್ಲುತ್ತದೆ. ಉದ್ದೇಶ ಸರಿ. ವಿದ್ಯಾರ್ಥಿಯನ್ನು ಸಾಲಕ್ಕೆ ನೂಕಿ ಕೈತೊಳೆದುಕೊಳ್ಳುವ ಕೋರ್ಸುಗಳು ಉತ್ತರ ಹೇಳಲೇಬೇಕು. ಆದರೆ ಆ ನಾಲ್ಕು ವರ್ಷದ ಬಳಿಕವೂ ಓದುತ್ತಿರುವವರನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಹೀಗಾಗಿ ಎರಡು ವರ್ಷಕ್ಕೇ ನಿಂತವರ ಸಂಬಳ ಮಾತ್ರ ಎದ್ದುಕಾಣುವ ಅಪಾಯ ಲಿಬರಲ್ ಆರ್ಟ್ಸ್‌ಗೆ ಹೆಚ್ಚು. ಸಂಬಳದ ಜೊತೆಗೆ ಟ್ರಾನ್ಸ್‌ಫರ್ ಪ್ರಮಾಣವನ್ನೂ ಕಾಲೇಜಿನ ಮೇಲೆ ಹೊರಿಸಿದ್ದರೆ ನ್ಯಾಯವಾಗುತ್ತಿತ್ತು.

ದಾರಿ ಇಲ್ಲದೆಯೇನಿಲ್ಲ. ಕ್ಯಾಲಿಫೋರ್ನಿಯಾ 2010ರಲ್ಲಿ ಟ್ರಾನ್ಸ್‌ಫರ್‌ಗೆಂದೇ ಒಂದು ಅಸೋಸಿಯೇಟ್ ಪದವಿ ರೂಪಿಸಿತು. ಅದನ್ನು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೊಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ, ಉಳಿದ 60 ಯೂನಿಟ್‌ಗಳಲ್ಲಿ ಪದವಿ ಮುಗಿಸಬಹುದು. ಅದೇ ರಾಜ್ಯದ ಕುಪರ್ಟಿನೋದಲ್ಲಿರುವ ಡಿ ಆನ್ಜಾ ಕಮ್ಯುನಿಟಿ ಕಾಲೇಜಿನ ಸುತ್ತಮುತ್ತ ನಮ್ಮ ಕನ್ನಡ ಕುಟುಂಬಗಳೂ ಇವೆ. ಕಮ್ಯುನಿಟಿ ಕಾಲೇಜೆಂದರೆ ಮುಖ ಸಿಂಡರಿಸುವ ತಂದೆ-ತಾಯಿ ಈ ಲೆಕ್ಕವನ್ನು ಒಮ್ಮೆ ಕೂತು ಮಾಡಬೇಕು. ಯಾವ ವಿಷಯ ಯಾವ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ ಎಂದು ತೋರಿಸುವ 'ಅಸಿಸ್ಟ್' ಎಂಬ ಉಚಿತ ಜಾಲತಾಣ ಅಲ್ಲಿದೆ. ಸೇರಬೇಕೆಂದಿರುವ ವಿಶ್ವವಿದ್ಯಾಲಯ, ಅಲ್ಲಿನ ವಿಷಯ ಎರಡನ್ನೂ ಮೊದಲ ಸೆಮಿಸ್ಟರ್‌ಗೆ ಮುಂಚೆಯೇ ಗೊತ್ತುಮಾಡಿಕೊಂಡು, ಒಪ್ಪುವ ಪಾಠಗಳನ್ನಷ್ಟೇ ಆರಿಸಿಕೊಳ್ಳಬೇಕು. ಸಾಲಪತ್ರಕ್ಕೆ ಸಹಿ ಹಾಕುವುದು ಅದಾದ ಮೇಲೆ.